ಗೌರಿ ಕೂರುವ ಮೇಜು ಮತ್ತು ನನ್ನ ವರ್ಕ್‌ಸ್ಟೇಷನ್

ನಾನು ಮತ್ತು ಆ ಕಂಪ್ಯೂಟರು ಒಂದೇ ವಾರ ನಿವೃತ್ತರಾದೆವು. ಚೆಂಬೂರಿನ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಹದಿನೆಂಟು ವರ್ಷ ಎದುರುಬದುರು ಕೂತು ಪೈಪುಗಳ ನಕ್ಷೆ ಬರೆದವರು ನಾವು. ನನಗೆ ಶಾಲು, ತೆಂಗಿನಕಾಯಿ ಮತ್ತು ಭಾಷಣ ಸಿಕ್ಕವು. ಅದಕ್ಕೆ ಸಿಕ್ಕಿದ್ದು ಗುಜರಿ ಎಂದು ಬರೆದ ಒಂದು ಚೀಟಿ. ಇವತ್ತು ಅದರ ಬೆನ್ನಿಗೆ ಅಂಟಿಸಿದವರು ನಾಳೆ ನನ್ನ ಬೆನ್ನಿಗೂ ಅಂಟಿಸಿಯಾರು ಅನ್ನಿಸಿತು. ಮೇಲಧಿಕಾರಿಗಳಿಗೆ ಅರ್ಜಿ ಬರೆದು ಅದನ್ನು ಮನೆಗೆ ತಂದೆ.

ಅದು ಈಗಿನ ಕಂಪ್ಯೂಟರುಗಳ ಹಾಗಲ್ಲ. ತನ್ನ ಕಾಲದಲ್ಲಿ ವರ್ಕ್‌ಸ್ಟೇಷನ್ ಎಂದು ಕರೆಸಿಕೊಂಡ ಗತ್ತಿನ ಯಂತ್ರ. ಅಕ್ಕಿ ಮೂಟೆಯಷ್ಟು ಭಾರ. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಭಾರದ ಸಾಮಾನು ಸಾಗಿಸುವಂತಿಲ್ಲ ಎಂದು ಫಲಕವಿದೆ. ನಾನು ಸೊಸೈಟಿಯ ಕಾರ್ಯದರ್ಶಿಯಾಗಿದ್ದಾಗ ನನ್ನ ಕೈಯಾರೆ ಬರೆದು ನೇತುಹಾಕಿದ್ದು. ಹೀಗಾಗಿ ಮೂರು ಮಹಡಿ ಮೆಟ್ಟಿಲು ಹತ್ತಿದೆವು. ನಾನು ಒಂದು ಕಡೆ ಹಿಡಿದಿದ್ದೆ, ಪಕ್ಕದ ಮನೆಯ ಶೆಟ್ಟರು ಇನ್ನೊಂದು ಕಡೆ. ಫೋರ್ಟಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ಮ್ಯಾನೇಜರಾಗಿದ್ದ ಶೆಟ್ಟರು ಎರಡನೇ ಮಹಡಿಯಲ್ಲಿ ನಿಂತು, ಬೆವರು ಒರೆಸಿಕೊಂಡು ಕೇಳಿದರು:

"ಎಂತ ರಾಯ್ರೆ, ಇದ್ರಲ್ಲಿ ಎಂತ ಮಾಡ್ಲಿಕ್ಕುಂಟು?"

ಬೇಕಾದಷ್ಟಿದೆ ಎಂದೆ. ಒಂದನ್ನಾದರೂ ಹೆಸರಿಸುವಷ್ಟು ಉಸಿರು ಉಳಿದಿರಲಿಲ್ಲ.

ನಮ್ಮದು ಒಂದು ಕೋಣೆ, ಒಂದು ಹಾಲು, ಒಂದು ಅಡುಗೆಮನೆಯ ಮನೆ. ಮೇಜೂ ಒಂದೇ. ಯಂತ್ರವನ್ನು ಅದರ ಮೇಲಿಟ್ಟ ಕೂಡಲೇ ನನ್ನ ಹೆಂಡತಿ ಶಾರದೆ ಅಡುಗೆಮನೆಯಿಂದ ಬಂದು ನೋಡಿದಳು.

"ರೀ, ಅದು ಗೌರಿ ಕೂರೋ ಮೇಜು."

ಗೌರಿಹಬ್ಬಕ್ಕೆ ಹತ್ತು ದಿನವಿತ್ತು. ಮಾತುಕತೆ ನಡೆದು ಒಪ್ಪಂದವಾಯಿತು. ಹಬ್ಬದ ಬೆಳಗಿನೊಳಗೆ ಯಂತ್ರ ನಡೆಯಬೇಕು. ಬರೀ ನಡೆದರೆ ಸಾಲದು, ಮನೆಗೆ ಉಪಯೋಗವಾಗುವ ಒಂದಾದರೂ ಕೆಲಸ ಮಾಡಿ ತೋರಿಸಬೇಕು. ಇಲ್ಲದಿದ್ದರೆ ಗುಜರಿ ಕೊಳ್ಳುವ ಭಂಗಾರ್‌ವಾಲಾ ಬಂದು ಒಯ್ಯುತ್ತಾನೆ. ಹತ್ತು ದಿನ ಯಾಕೆ, ಭಾನುವಾರ ಸಂಜೆ ಸಾಕು ಎಂದು ನಾನು ಉದಾರವಾಗಿ ಘೋಷಿಸಿದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಕಂಪನಿಯವರು ಯಂತ್ರದ ಹೊಟ್ಟೆಯಲ್ಲಿದ್ದುದನ್ನೆಲ್ಲ ಅಳಿಸಿ ಕೊಟ್ಟಿದ್ದರೂ, ಯುನಿಕ್ಸ್ ಕುಲದ ಒಂದು ಆಪರೇಟಿಂಗ್ ಸಿಸ್ಟಂ ಇಂಟರ್ನೆಟ್ಟಿನಲ್ಲಿ ಧರ್ಮಕ್ಕೆ ಸಿಗುತ್ತಿತ್ತು. ಎಷ್ಟು ಹಳೆಯ ಯಂತ್ರಕ್ಕಾದರೂ ಅದು ಹೊಸ ಜೀವ ಕೊಡುತ್ತದೆಂದು ಅದನ್ನು ಮಾಡಿದವರು ಬರೆದಿದ್ದರು. ಓದಿ ನನಗೇ ಮೈಯಲ್ಲಿ ಚೈತನ್ಯ ಬಂತು.

ಆ ಭಾನುವಾರ ಸಂಜೆಯ ಹೊತ್ತಿಗೆ ತಿಳಿದದ್ದು ಇಷ್ಟು: ಕೀಬೋರ್ಡನ್ನು ತರಲು ನಾನು ಮರೆತಿದ್ದೆ. ಬೇರೆ ಕೀಬೋರ್ಡಿನ ಪಿನ್ನು ಅದಕ್ಕೆ ಕೂರುವುದಿಲ್ಲ. ಸೋಮವಾರ ಕಾರ್ಖಾನೆಗೆ ಓಡಿ, ನನ್ನ ಜಾಗದಲ್ಲಿ ಕೂತಿದ್ದ ಹೊಸಬನ ಕಾಲ ಬಳಿಯಿಂದ ಅದನ್ನು ಎಳೆದು ತೆಗೆದೆ. ಅವನು ಅದರ ಮೇಲೆ ಚಪ್ಪಲಿ ಇಟ್ಟುಕೊಂಡಿದ್ದ.

ಮಂಗಳವಾರ ಸಿ.ಡಿ.ಯ ಪ್ರಕರಣ. ಈ ಯಂತ್ರಕ್ಕೆ ಸಿಸ್ಟಮ್ಮನ್ನು ಸಿ.ಡಿ.ಯಿಂದಲೇ ಉಣಿಸಬೇಕು. ದಾದರ್ ಸ್ಟೇಷನ್ನಿನ ಹೊರಗೆ ಏಳು ಅಂಗಡಿ ತಿರುಗಿದ ಮೇಲೆ ಒಬ್ಬ ಧೂಳು ಕೊಡವಿ ಒಂದು ಕಟ್ಟು ಖಾಲಿ ಸಿ.ಡಿ. ತೆಗೆದು, ಬಹಳ ಮರ್ಯಾದೆಯಿಂದ, "ಅಂಕಲ್, ವಾಪಸ್ ನಹೀ ಲೂಂಗಾ" ಎಂದ. ಸೈಬರ್ ಕೆಫೆಯಲ್ಲಿ ಸಿಸ್ಟಮ್ಮನ್ನು ಅವುಗಳ ಮೇಲೆ ಬರೆಸಿಕೊಂಡು ಬಂದೆ. ಮೊದಲ ನಾಲ್ಕನ್ನು ಯಂತ್ರ ಬಾಯಿಗೆ ಹಾಕಿಕೊಂಡು ಉಗುಳಿತು. ಐದನೆಯದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಶಾರದೆ ತಲೆಗೂದಲ ಪಿನ್ನಿನಿಂದ ಅದನ್ನು ಹೊರಗೆಳೆದು ನನ್ನ ಕೈಯಲ್ಲಿಟ್ಟಳು. ಆರನೆಯದು ನಡೆಯಿತು.

ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದಾಗ ನಾನು ಶಾರದೆಯನ್ನು ಕೂಗಿ ಕರೆದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದ್ದರಿಂದ ಯಂತ್ರ ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಜನವರಿ ಒಂದು ಎಂದು ತಿಳಿದು ಕೂತಿತ್ತು.

"ಇದಕ್ಕೆ ನಮ್ಮ ಮದುವೆ ಆಗಿರೋದೂ ಗೊತ್ತಿಲ್ಲ. ಪುಣ್ಯ ಮಾಡಿದೆ," ಎಂದು ಒಳಗೆ ಹೋದಳು.

ಅಲ್ಲಿಂದ ಮುಂದಿನದೆಲ್ಲ ವಿದ್ಯುತ್ತಿನ ಕಥೆ. ಸಿಸ್ಟಂ ಪೂರ್ತಿ ಇಳಿಯಲು ಐದು ಗಂಟೆ ಬೇಕು. ಯಂತ್ರವೂ ಮಿಕ್ಸಿಯೂ ಒಟ್ಟಿಗೆ ನಡೆದರೆ ನಮ್ಮ ಮನೆಯ ಎಂ.ಸಿ.ಬಿ. ಟಪ್ಪೆಂದು ಬೀಳುತ್ತದೆ. ಇದು ನನಗೆ ತಿಳಿದದ್ದು ಬುಧವಾರ ನಾಲ್ಕನೇ ಗಂಟೆಯಲ್ಲಿ, ಚಟ್ನಿಯ ಸಮಯಕ್ಕೆ. ಮತ್ತೆ ಮೊದಲಿಂದ! ಗುರುವಾರ ಇಸ್ತ್ರಿ ಪೆಟ್ಟಿಗೆ. ಶುಕ್ರವಾರ ಬಚ್ಚಲ ಗೀಸರು. ಅದನ್ನು ಹಾಕಿದವನು ನಾನೇ, ಹಾಗಾಗಿ ಯಾರನ್ನೂ ಬೈಯಲಾಗಲಿಲ್ಲ. ಶನಿವಾರ ನಾನು ಸುತ್ತೋಲೆ ಹೊರಡಿಸಿದೆ: ಯಂತ್ರ ಕಾರ್ಯನಿರತವಾಗಿರುವಾಗ ಮನೆಯಲ್ಲಿ ಬೇರಾವ ವಿದ್ಯುತ್ ಉಪಕರಣವನ್ನೂ ಬಳಸತಕ್ಕದ್ದಲ್ಲ. ಶಾರದೆ ಅದನ್ನು ಓದಿ, ಹೋಳಿಗೆಯ ಹೂರಣದ ಪಾತ್ರೆ ಎತ್ತಿಕೊಂಡು ರುಬ್ಬಲು ಶೆಟ್ಟರ ಮನೆಗೆ ಹೋದಳು. ಆ ಪಾತ್ರೆಯ ಜೊತೆಗೆ ನನ್ನ ಮಾನವೂ ಬಾಗಿಲು ದಾಟಿತು. ಅವಳು ಇಲ್ಲದಾಗ, ಬೆಳಕು ಸಾಲದೆಂದು ಟ್ಯೂಬ್‌ಲೈಟಿನ ಸ್ವಿಚ್ಚಿನ ಬದಲು ಯಂತ್ರದ ಸ್ವಿಚ್ಚನ್ನೇ ಒತ್ತಿ ಆರಿಸಿದೆ. ಇದನ್ನು ಇವತ್ತಿನವರೆಗೆ ನಾನು ಅವಳಿಗೆ ಹೇಳಿಲ್ಲ.

ಗೌರಿಹಬ್ಬದ ದಿನ ಬೆಳಗಿನ ಜಾವ ಕೊನೆಯ ಪ್ರಯತ್ನ. ನಾಲ್ಕಕ್ಕೆ ಎದ್ದು ಯಂತ್ರ ಹಚ್ಚಿದೆ. ಭಂಗಾರ್‌ವಾಲಾ ಹತ್ತಕ್ಕೆ ಬರುವವನಿದ್ದ. ಒಂಬತ್ತಕ್ಕೆ ಮುಗಿಯುವ ಕೆಲಸ. ಲೆಕ್ಕ ಸರಿಯಾಗಿತ್ತು, ಆದರೂ ಐದೈದು ನಿಮಿಷಕ್ಕೆ ಗೋಡೆ ಗಡಿಯಾರ ನೋಡುತ್ತಿದ್ದೆ. ಅದನ್ನು ಅವನು ಕೈಗಾಡಿಗೆ ಎಸೆಯುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಅತ್ತ ಶಾರದೆಗೆ ಬೇರೆ ಸಂಕಟ. ಐದು ದಿನದಿಂದ ಬಿಡದೆ ಮಳೆ. ಪೂಜೆಗೆಂದು ಒಗೆದು ಹಾಕಿದ್ದ ಅವಳ ಮಡಿ ಸೀರೆ, ನನ್ನ ಮಡಿ ಪಂಚೆ ಎರಡೂ ಹಿಂಡಿದರೆ ನೀರು ಬರುವ ಹಾಗಿದ್ದವು. ಒದ್ದೆಯಲ್ಲೇ ಪೂಜೆಗೆ ಕೂತರೆ ಇಬ್ಬರಿಗೂ ನೆಗಡಿ ಖಚಿತ. ಅವಳು ಹಾಲಿನಲ್ಲಿ ಹಾದುಹೋಗುತ್ತ ಯಂತ್ರದ ಹಿಂದೆ ಗಕ್ಕನೆ ನಿಂತಳು. ಅದರ ಫ್ಯಾನುಗಳಿಂದ ಒಲೆಯ ಮುಂದಿನಂಥ ಬಿಸಿಗಾಳಿ ಬರುತ್ತಿತ್ತು. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಕೋಲಿನಿಂದ ಸೀರೆಯನ್ನು ಎತ್ತಿ ಯಂತ್ರದ ಹಿಂದೆ ಹರಡಿದ್ದಳು. ಪಂಚೆ ಅದರ ನೆತ್ತಿಯಿಂದ ಕೀಬೋರ್ಡಿನವರೆಗೆ ಇಳಿಬಿದ್ದಿತ್ತು.

ಒಂಬತ್ತಕ್ಕೆ ಸರಿಯಾಗಿ ಪರದೆಯ ಮೇಲೆ "ಲಾಗಿನ್" ಎಂಬ ಪದ ಮೂಡಿತು. ಗೆದ್ದಿದ್ದೆ! ಕೈ ಚಾಚಿದೆ.

"ಮುಟ್ಟಬೇಡಿ. ಮಡಿ ಇದೆ."

ಎರಡಕ್ಷರ ಒತ್ತಿಬಿಡುತ್ತೇನೆ ಎಂದು ಬೇಡಿಕೊಂಡೆ.

"ಸ್ನಾನ ಮಾಡಿ ಮಡಿ ಉಟ್ಕೊಂಡು ಬಂದು ಒತ್ತಿ."

ಮಡಿ ಯಂತ್ರದ ಮೇಲಿತ್ತು. ಮಡಿ ಉಡದೆ ಯಂತ್ರ ಮುಟ್ಟುವಂತಿಲ್ಲ, ಯಂತ್ರದಿಂದ ತೆಗೆಯದೆ ಮಡಿ ಉಡುವಂತಿಲ್ಲ, ಒಣಗದೆ ತೆಗೆಯುವಂತಿಲ್ಲ. ಹದಿನೆಂಟು ವರ್ಷ ಜೊತೆಗಿದ್ದ ಯಂತ್ರ ನನ್ನ ಹೆಸರು ಕೇಳುತ್ತ ಕೂತಿತ್ತು. ನಾನು ಟವೆಲು ಸುತ್ತಿಕೊಂಡು ಮೂರಡಿ ದೂರದಲ್ಲಿ ಬೆಪ್ಪನಾಗಿ ನಿಂತಿದ್ದೆ.

ಹತ್ತಕ್ಕೆ ಭಂಗಾರ್‌ವಾಲಾ ಗಂಟೆ ಒತ್ತಿದ. ಶಾರದೆ ಕೋಲಿನಿಂದ ಸೀರೆಯ ಸೆರಗನ್ನು ಎತ್ತಿ ನೋಡಿದಳು. ಗರಿಗರಿಯಾಗಿತ್ತು. ಬಾಗಿಲಿಗೆ ಹೋಗಿ, "ನಹೀ ದೇನಾ ಭಯ್ಯಾ, ಅಚ್ಛಾ ಕಾಮ್ ಕರ್ತಾ ಹೈ," ಎಂದು, ಚೆನ್ನಾಗಿ ಕೆಲಸ ಮಾಡುತ್ತದೆಂಬ ಪ್ರಮಾಣಪತ್ರ ಕೊಟ್ಟು ಅವನನ್ನು ಕಳಿಸಿಬಿಟ್ಟಳು. ಆ ವರ್ಷ ಗೌರಿ ಹೊಲಿಗೆ ಯಂತ್ರದ ಮೇಲೆ ಕೂತಳು.

ಹಬ್ಬ ಮುಗಿದ ಮೇಲೆ ಲಾಗಿನ್ ಆಗಲು ಕೂತೆ. ಪಾಸ್‌ವರ್ಡು ಕೇಳಿತು. ಮರೆಯಬಾರದೆಂದು ಅದನ್ನು ಬರೆದಿಟ್ಟಿದ್ದು ಶನಿವಾರದ ಸುತ್ತೋಲೆಯ ಹಿಂಬದಿಯಲ್ಲಿ. ಸುತ್ತೋಲೆಯನ್ನು ಶಾರದೆ ಶೆಟ್ಟರ ಮನೆಗೆ ಹೋಳಿಗೆ ಕಟ್ಟಿಕೊಡಲು ಬಳಸಿದ್ದಳು.

ಹೀಗಾಗಿ ಒಳಗೆ ಏನಿದೆಯೆಂದು ನಾನಿನ್ನೂ ನೋಡಿಲ್ಲ. ಮತ್ತೆ ಮೊದಲಿಂದ ಹಾಕೋಣವೆಂದರೆ ಯಂತ್ರಕ್ಕೆ ಪುರುಸೊತ್ತಿಲ್ಲ. ಬೆಳಿಗ್ಗೆ ನಮ್ಮ ಮಡಿ, ಮಧ್ಯಾಹ್ನ ಶೆಟ್ಟರು ಬೈರಾಸು ಎನ್ನುವ ಅವರ ಮನೆಯ ಟವೆಲು. ಒಂದೇ ವಾರ ನಿವೃತ್ತರಾದ ಇಬ್ಬರಲ್ಲಿ ಒಬ್ಬರಿಗೆ ಮರುನೇಮಕವಾಗಿದೆ. ಅದನ್ನು ದಿನಾ ಬೆಳಿಗ್ಗೆ ಆರಕ್ಕೆ ಹಚ್ಚಿ, ಬಟ್ಟೆ ಒಣಗಿದ ಮೇಲೆ ಆರಿಸುವ ಕೆಲಸಕ್ಕೆ ಶಾರದೆ ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದಾಳೆ.