ಅಳತೆಗಿಂತ ಒಂದು ಗೇಣು ಹೆಚ್ಚು

ನಾನು ಕುಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುಳ್ಳಗಿರುವುದು ಅಂಥ ದೊಡ್ಡ ದುಃಖವೇನಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಕೈಗೆಟುಕುವುದಿಲ್ಲ, ಗುಂಪಿನ ಫೋಟೋದಲ್ಲಿ ಯಾವಾಗಲೂ ಮುಂದಿನ ಸಾಲು, ಅಡುಗೆಮನೆಯ ಮೇಲಿನ ಗೂಡಿನಿಂದ ಡಬ್ಬ ಇಳಿಸಬೇಕಾದರೆ ಗಂಡನನ್ನು ಕೂಗಬೇಕು, ಅಷ್ಟೇ. ಆದರೆ ನನ್ನ ವಿಷಯದಲ್ಲಿ ಅದು ಬರೀ ಎತ್ತರದ ಪ್ರಶ್ನೆಯಾಗಿ ಉಳಿಯಲಿಲ್ಲ. ಅಮ್ಮ ನನ್ನ ಮೇಲೆ ಬಹಳ ಭರವಸೆ ಇಟ್ಟುಕೊಂಡು ಬಟ್ಟೆ ಹೊಲಿದಿದ್ದಳು. ಆ ಬಟ್ಟೆಗಳ ಮಟ್ಟಕ್ಕೆ ನಾನು ಬೆಳೆಯಲೇ ಇಲ್ಲ.

ತಂದೆತಾಯಿ ನಿಮಗೆ ಏನು ಕಲಿಸಿದರು ಎಂದು ಕೇಳಿದರೆ ಎಲ್ಲರೂ ಶಿಸ್ತು, ಸತ್ಯ, ದೇವರು ದಿಂಡರು ಎಂದು ಶುರು ಮಾಡುತ್ತಾರೆ. ಏನು ತೊಡಿಸಿದರು ಎಂದು ಯಾರೂ ಕೇಳುವುದಿಲ್ಲ. ಹೇಳಿದ ಬುದ್ಧಿಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ತೊಡಿಸಿದ ಬಟ್ಟೆ ದಿನವಿಡೀ ಮೈಮೇಲೇ ಇರುತ್ತದೆ. ಅದರ ಪ್ರಭಾವ ಹೆಚ್ಚೆಂದು ನನಗೆ ಅನ್ನಿಸುವುದು ಅದಕ್ಕೇ.

ನಾವು ಬೆಳೆದದ್ದು ಭದ್ರಾವತಿಯ ಜನ್ನಾಪುರದಲ್ಲಿ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಸಮವಸ್ತ್ರಕ್ಕೆಂದು ಅಲ್ಲಿ ಕೊಡುತ್ತಿದ್ದ ಖಾಕಿ ಬಟ್ಟೆ ಎಷ್ಟು ಗಟ್ಟಿಮುಟ್ಟೆಂದರೆ ಅದನ್ನು ಹರಿಯುವುದಕ್ಕೆ ಅಣ್ಣನಿಂದಲೂ ಆಗುತ್ತಿರಲಿಲ್ಲ. ಅಪ್ಪನ ಪ್ಯಾಂಟಿಗೆ ಆಗಿ ಉಳಿದದ್ದರಲ್ಲಿ ಅಣ್ಣನ ಚಡ್ಡಿ, ಅದರಲ್ಲೂ ಉಳಿದರೆ ಸಂತೆಗೆ ಒಂದು ಕೈಚೀಲ. ನಮ್ಮ ಸುತ್ತಮುತ್ತಲಿನ ಮನೆಗಳಲ್ಲೆಲ್ಲ ಇದೇ ಕತೆಯಾದ್ದರಿಂದ ಸಂಜೆ ಮೈದಾನದಲ್ಲಿ ಹುಡುಗರೆಲ್ಲ ಒಂದೇ ಬಣ್ಣ. ಒಮ್ಮೆ ಪಕ್ಕದ ಬೀದಿಯ ತಮಿಳು ಮನೆಯ ಹೆಂಗಸು ಮಬ್ಬುಗತ್ತಲಲ್ಲಿ ಅಣ್ಣನ ಕಿವಿ ಹಿಡಿದು ತಮ್ಮ ಮನೆಗೆ ಎಳೆದುಕೊಂಡು ಹೋಗಿ, ಬಚ್ಚಲಲ್ಲಿ ಕಾಲು ತೊಳೆಸುವಾಗ ಮುಖ ನೋಡಿ, ಅಯ್ಯೋ ಇವನು ನಮ್ಮವನಲ್ಲ ಎಂದು ಗೊತ್ತಾಗಿ, ಪಾಪವೆಂದು ಇಡ್ಲಿ ಕೊಟ್ಟು ಕಳಿಸಿದ್ದರು. ಆಮೇಲೆ ಅಣ್ಣ ಬೇಕೆಂದೇ ಅವರ ಕಣ್ಣಿಗೆ ಬೀಳುವ ಹಾಗೆ ನಿಲ್ಲುತ್ತಿದ್ದ ಎಂಬುದು ನನ್ನ ಅನುಮಾನ.

ಹೆಣ್ಣುಮಗಳಾದ ನನಗೆ ಖಾಕಿಯ ಕಾಟವಿರಲಿಲ್ಲ. ನನ್ನದು ಲಂಗ. ಅಮ್ಮನೇ ಹೊಲಿಗೆ ಯಂತ್ರ ತುಳಿದು ಹೊಲಿಯುತ್ತಿದ್ದಳು. ಅಳತೆಯನ್ನೇನೋ ಸರಿಯಾಗಿಯೇ ತೆಗೆದುಕೊಳ್ಳುವಳು, ಆಮೇಲೆ "ಬೆಳೆಯೋ ಮಕ್ಕಳು" ಎಂದು ಹೇಳಿ ಅದಕ್ಕೆ ಒಂದು ಗೇಣು ಸೇರಿಸುವಳು. ಆ ಹೆಚ್ಚಿನ ಗೇಣನ್ನು ಲಂಗದ ಕೆಳಗಡೆ ಒಳಕ್ಕೆ ಮಡಚಿ ಹೊಲಿದಿಡುವುದು. ಅದಕ್ಕೆ ಟಕ್ಕು ಎಂದು ಹೆಸರು. ಮಗು ಬೆಳೆದ ಹಾಗೆ ಟಕ್ಕು ಬಿಚ್ಚಿದರೆ ಲಂಗವೂ ಬೆಳೆಯುತ್ತದೆ. ಉಪಾಯ ಬಹಳ ಚೆನ್ನಾಗಿದೆ. ತೊಂದರೆ ಏನೆಂದರೆ ಅಷ್ಟು ಹೊತ್ತಿಗೆ ಒಗೆದೊಗೆದು ಲಂಗದ ಬಣ್ಣ ಮಾಸಿರುತ್ತದೆ. ಒಳಗೆ ಅಡಗಿದ್ದ ಬಟ್ಟೆ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಹೊಸದಾಗಿರುತ್ತದೆ. ಬಿಚ್ಚಿದ ಮೇಲೆ ಲಂಗದ ಸುತ್ತ ಗಾಢ ಬಣ್ಣದ ಒಂದು ಪಟ್ಟಿ. ಶಾಲೆಯಲ್ಲಿ ಹುಡುಗಿಯರು ಒಬ್ಬರ ಪಟ್ಟಿ ಒಬ್ಬರು ನೋಡಿಕೊಂಡು ಈ ವರ್ಷ ಯಾರು ಎಷ್ಟು ಬೆಳೆದರು ಎಂದು ತೀರ್ಮಾನಿಸುತ್ತಿದ್ದರು. ಯಾರ ಬೆಳವಣಿಗೆಯೂ ಗುಟ್ಟಾಗಿ ನಡೆಯುವ ಹಾಗಿರಲಿಲ್ಲ.

ನನ್ನ ಲಂಗಕ್ಕೆ ಆ ಪಟ್ಟಿ ಬರಲೇ ಇಲ್ಲ. ಒಂದು ಯುಗಾದಿ ಕಳೆಯಿತು, ಇನ್ನೊಂದು ಯುಗಾದಿ ಬಂತು, ಟಕ್ಕು ಹಾಕಿದ್ದಲ್ಲೇ ಇತ್ತು. ಅಮ್ಮ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ ನೋಡುವಳು, ನಿಟ್ಟುಸಿರು ಬಿಡುವಳು. ಹಾಲಿಗೆ ಏನೇನೋ ಪುಡಿ ಬಂತು. ಬಾಗಿಲ ಮೇಲಿನ ಕಂಬಿಗೆ ಜೋತುಬೀಳುವ ಚಿಕಿತ್ಸೆಯೂ ಆಯಿತು. ಅದರಿಂದ ಉದ್ದವಾದದ್ದು ನನ್ನ ಕೈ ಮಾತ್ರ ಎಂದು ಅಣ್ಣ ಇವತ್ತಿಗೂ ಹೇಳುತ್ತಾನೆ. ಕೊನೆಗೆ ಆ ಲಂಗ ಟಕ್ಕಿನ ಸಮೇತ ಹರಿದು ನೆಲ ಒರೆಸುವ ಬಟ್ಟೆಯಾಯಿತು. ಅಮ್ಮ ಅದನ್ನು ಹರಿಯುವಾಗ ಒಳಗಿನ ಹೊಸ ಬಟ್ಟೆ ಕಾಣಿಸಿತು. ಅವಳು ಹರಿಯುವುದನ್ನು ಮುಂದುವರಿಸಿದಳು. ನನಗೆ ಮಾತ್ರ ಪರೀಕ್ಷೆಯಲ್ಲಿ ಫೇಲಾದಷ್ಟು ನಾಚಿಕೆಯಾಯಿತು, ಅಳುವೂ ಬಂತು.

ಹೀಗೆ ದೊಡ್ಡ ಬಟ್ಟೆಯೊಳಗೆ ಬೆಳೆದವರಿಗೆ ಕೆಲವು ಗುಣಗಳು ಅಂಟಿಕೊಳ್ಳುತ್ತವೆ. ನಾನು ಜೋರಾಗಿ ಓಡಿದವಳಲ್ಲ, ಕಾಲಿಗೆ ಲಂಗ ಸಿಕ್ಕಿಕೊಳ್ಳುವ ಭಯ. ಒಂದು ಕೈ ಯಾವಾಗಲೂ ಸೊಂಟದ ಹತ್ತಿರ, ಲಾಡಿ ಜಾರೀತೆಂದು. ಈಗ ಶಿವಮೊಗ್ಗದ ನವುಲೆಯ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಬಡ್ತಿ ಕೊಟ್ಟು ದೊಡ್ಡ ಕುರ್ಚಿಯಲ್ಲಿ ಕೂರಿಸಿದಾಗಲೂ ಮೊದಲು ಅನ್ನಿಸಿದ್ದು, ಇದು ನನಗೆ ಸ್ವಲ್ಪ ದೊಗಳೆಯಾಯಿತೇನೋ ಎಂದು. ಎಲ್ಲಕ್ಕೂ ಅಮ್ಮನ ಟಕ್ಕೇ ಕಾರಣವೆಂದು ನಾನು ಯಾವತ್ತೋ ತೀರ್ಪು ಕೊಟ್ಟಾಗಿದೆ. ನನಗೆ ಮಗು ಹುಟ್ಟಿದರೆ ಅದಕ್ಕೆ ಮೈಗೆ ಸರಿಯಾದ ಬಟ್ಟೆಯನ್ನೇ ತೊಡಿಸುತ್ತೇನೆ, ಒಂದು ಬೆರಳಗಲವೂ ಹೆಚ್ಚು ಬಿಡುವುದಿಲ್ಲ ಎಂದು ಆಗಲೇ ಶಪಥವನ್ನೂ ಮಾಡಿದ್ದೆ.

ಹುಟ್ಟಿದವಳು ಪೂರ್ವಿ. ಶಪಥವನ್ನು ನಾನು ಅಕ್ಷರಶಃ ಪಾಲಿಸಿದೆ. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಅಳತೆಯ ಟೇಪು ಇರುತ್ತಿತ್ತು. ದುರ್ಗಿಗುಡಿಯ ಅಂಗಡಿಯವರು ನನ್ನನ್ನು ದೂರದಿಂದ ಕಂಡೊಡನೆ ಇನ್ನಷ್ಟು ಅಳತೆಯವನ್ನು ತರಲು ಹುಡುಗನನ್ನು ಗೋಡೌನಿಗೆ ಅಟ್ಟುತ್ತಿದ್ದರು. ಭುಜ ಭುಜಕ್ಕೆ, ಸೊಂಟ ಸೊಂಟಕ್ಕೆ ಕೂರಬೇಕು. ಗೋಪಾಳದ ನಮ್ಮ ಬೀದಿಯಲ್ಲಿ ನಿಮ್ಮ ಮಗಳಿಗೆ ಎಷ್ಟು ಚೆನ್ನಾಗಿ ಡ್ರೆಸ್ ಮಾಡ್ತೀರಿ ಎಂದು ಎಲ್ಲರೂ ಹೊಗಳುವವರೇ. ಮೈಗೆ ಸರಿಯಾದ ಬಟ್ಟೆಯ ಒಂದು ಲಕ್ಷಣವೆಂದರೆ ಅದು ಬೇಗ ಬಿಗಿಯಾಗುತ್ತದೆ. ಬಿಗಿಯಾದದ್ದು ಮೊದಲು ಗೊತ್ತಾಗುತ್ತಿದ್ದುದು ನನಗೆ. "ಬಿಗಿ ಆಯ್ತಲ್ಲೇ" ಎನ್ನುತ್ತಿದ್ದೆ, ಹೊಸದು ತರುತ್ತಿದ್ದೆ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಹೈಸ್ಕೂಲಿಗೆ ಬಂದದ್ದೇ ತಡ, ಹುಡುಗಿ ತಿರುಗಿಬಿದ್ದಳು. ನಾನು ತಂದದ್ದೆಲ್ಲ ಬೀರುವಿನಲ್ಲೇ ಉಳಿಯಿತು. ಮೈಮೇಲೆ ಅವರಪ್ಪನ ಹಳೆಯ ಶರಟು, ಇಲ್ಲವೇ ಮೊಣಕೈ ದಾಟಿ ತೋಳು ಇಳಿಬಿದ್ದಿರುವ, ಮೂರು ಜನ ಒಟ್ಟಿಗೆ ಹಿಡಿಸಬಹುದಾದ ಟೀ ಶರ್ಟು. ಇದಕ್ಕೆ ಓವರ್‌ಸೈಜ್ ಎಂದು ಹೆಸರಂತೆ, ಬೇಕೆಂದೇ ಹಾಗೆ ಹೊಲಿಯುತ್ತಾರಂತೆ. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಯಾವ ದೊಗಳೆಯಿಂದ ಮಗಳನ್ನು ಪಾರುಮಾಡಬೇಕೆಂದು ಇಷ್ಟು ವರ್ಷ ಒದ್ದಾಡಿದೆನೋ ಅದನ್ನೇ ಅವಳು ಹುಡುಕಿಕೊಂಡು ಹೋಗಿದ್ದಳು. ನನ್ನ ಗಂಡನಿಗೆ ಹೇಳಿದರೆ, ತನ್ನ ಶರಟುಗಳು ಕಡೆಗೂ ಯಾರಿಗೋ ಇಷ್ಟವಾದವಲ್ಲ ಎಂದು ಅವರು ಖುಷಿಯಲ್ಲಿದ್ದರು.

ಇದು ಮನೆಯೊಳಗಿನ ಸಣ್ಣ ಜಗಳವಾಗಿಯೇ ಉಳಿಯುತ್ತಿತ್ತೋ ಏನೋ. ಅಷ್ಟರಲ್ಲಿ ಅಣ್ಣನ ಮಗನ ಉಪನಯನ ಗೊತ್ತಾಯಿತು. ಆ ಹುಡುಗನಿಗೆ ಪೂರ್ವಿ ಅಕ್ಕನೆಂದರೆ ಪ್ರಾಣ. ಅವಳು ಪಕ್ಕದಲ್ಲಿಲ್ಲದಿದ್ದರೆ ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ಹೇಳಿಬಿಟ್ಟಿದ್ದ. ನಾನು ಇದೇ ಸಮಯವೆಂದು ಹೊರಟು, ಮೈಗೆ ಎರಕ ಹೊಯ್ದ ಹಾಗೆ ಕೂರುವ, ಕಸೂತಿಯ, ಗುಲಾಬಿ ಬಣ್ಣದ ಡ್ರೆಸ್ಸೊಂದನ್ನು ತಂದೆ. ಪೂರ್ವಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ತೆಗೆದು, ಮಡಚಿ, ಮಂಚದ ಮೇಲಿಟ್ಟಳು.

"ನೀವಿಬ್ರೂ ಹೋಗ್ಬನ್ನಿ. ನಾನು ಬರಲ್ಲ."

ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಅವಳು ಬಹಳ ತಣ್ಣಗೆ ಹೇಳಿದಳು. ಯಾಕೆ ಎಂದು ಎಷ್ಟು ಕೇಳಿದರೂ ಸುಮ್ಮನೆ ಎನ್ನುವುದನ್ನು ಬಿಟ್ಟು ಬೇರೆ ಉತ್ತರವಿಲ್ಲ. ಮೊದಲು ನನಗೆ ನೆಂಟರಿಗೆ ಏನು ಹೇಳುವುದೆಂಬ ಚಿಂತೆಯಾಯಿತು. ಎರಡು ದಿನ ಕಳೆದ ಮೇಲೆ ಬೇರೆ ಹೆದರಿಕೆ ಹಿಡಿಯಿತು. ಇವಳು ನನ್ನ ಜೊತೆ ಅಂಗಡಿಗೆ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಮನೆಯ ಶುಭಕಾರ್ಯಕ್ಕೂ ಬರುವುದಿಲ್ಲ ಎನ್ನುತ್ತಾಳೆ. ಹೀಗೇ ಒಂದೊಂದಾಗಿ ಬಿಡುತ್ತ ಕೊನೆಗೆ ನನ್ನನ್ನೇ ಬಿಟ್ಟುಬಿಟ್ಟರೆ?

ಭಾನುವಾರ ಅವಳನ್ನು ಭದ್ರಾವತಿ ಬಸ್ಸಿಗೆ ಹತ್ತಿಸಿಕೊಂಡು ಜನ್ನಾಪುರಕ್ಕೆ ಹೋದೆ. ಅಮ್ಮ ಅಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಕಣ್ಣಿಗೆ ಆಪರೇಷನ್ ಆದ ಮೇಲೆ ಸೂಜಿಗೆ ದಾರ ಪೋಣಿಸುವುದರಲ್ಲಿ ಸೊಸೆಯನ್ನೂ ಮೀರಿಸುತ್ತಾಳೆ. ನಾನು ಕಾಫಿ ಕುಡಿಯುವುದಕ್ಕೂ ಮೊದಲೇ ದೂರು ಮಂಡಿಸಿದೆ. ಅಜ್ಜಿಯಾದವಳು ನಾಲ್ಕು ಮಾತು ಬುದ್ಧಿ ಹೇಳಲಿ ಎಂಬ ಆಸೆ. ಅಮ್ಮ ಪೂರ್ವಿಯನ್ನು ಹತ್ತಿರ ಕರೆದು, ಟೀ ಶರ್ಟಿನ ಅಂಚನ್ನು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದಳು, ತೋಳು ಎತ್ತಿಸಿ ಕಂಕುಳ ಹೊಲಿಗೆ ನೋಡಿದಳು, ತಿರುಗು ಎಂದು ಬೆನ್ನನ್ನೂ ನೋಡಿದಳು.

"ಚೆನ್ನಾಗೇ ಇದೆಯಲ್ಲೇ ಮಾರಾಯ್ತಿ. ಕೈಕಾಲು ಆಡ್ಸೋಕ್ಕೆ ಜಾಗ ಬೇಡ್ವಾ? ನೀನ್ಯಾಕೆ ಹಿಂಗೆ ಒದ್ದಾಡ್ತೀಯ?"

ನ್ಯಾಯ ಕೇಳಲು ಹೋದ ಕಡೆ ನನ್ನ ಮೇಲೇ ದಂಡ ಬಿದ್ದ ಹಾಗಾಯಿತು. ಅಷ್ಟೂ ಸಾಲದೆಂಬಂತೆ ಪೂರ್ವಿ ಅಜ್ಜಿಯ ಪಕ್ಕ ಕುಳಿತುಕೊಂಡು, ನನಗೆ ಇಷ್ಟು ದಿನ ಹೇಳದೇ ಇದ್ದುದನ್ನು ಅವಳಿಗೆ ಹೇಳಿದಳು. ನಾನು ಅಲ್ಲೇ ಇದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು.

"ಇದ್ರಲ್ಲಿ ನಾನು ಎಷ್ಟಿದೀನಿ ಅಂತ ಯಾರಿಗೂ ಗೊತ್ತಾಗಲ್ಲ ಅಜ್ಜಿ. ಅಮ್ಮ ತರೋದು ಹಾಕ್ಕೊಂಡ್ರೆ ಒಂಚೂರು ಹೆಚ್ಚುಕಮ್ಮಿ ಆದ್ರೂ ಗೊತ್ತಾಗತ್ತೆ. 'ಬಿಗಿ ಆಯ್ತಲ್ಲೇ' ಅಂತಾಳೆ. ನಾನೇನೋ ತಪ್ಪು ಮಾಡ್ದಂಗೆ."

ನಾನು ಯಾವತ್ತೂ ಬೈದಿರಲಿಲ್ಲ. ಬಟ್ಟೆ ಬಿಗಿಯಾಯಿತು ಎಂದಿದ್ದೆನೇ ಹೊರತು ನೀನು ದಪ್ಪಗಾದೆ ಎಂದಿರಲಿಲ್ಲ. ಹಾಗೆಂದು ವಾದಿಸಲು ಬಾಯಿ ತೆರೆದೆ, ಆದರೆ ವಾದ ಮುಂದೆ ಹೋಗಲಿಲ್ಲ. ಗೋಡೆಗೆ ಒತ್ತಿ ನಿಲ್ಲಿಸಿದಾಗ ಅಮ್ಮನೂ ನನ್ನನ್ನು ಬೈದಿರಲಿಲ್ಲ. ಬರೀ ನಿಟ್ಟುಸಿರು ಬಿಟ್ಟಿದ್ದಳು. ಅಷ್ಟಕ್ಕೇ ನಾನು ಇಷ್ಟು ವರ್ಷ ಅವಳ ಮೇಲೆ ಕೇಸು ನಡೆಸಿದ್ದೆ. ಅಮ್ಮ ನನ್ನ ಉದ್ದ ಅಳೆದಳು, ನಾನು ನನ್ನ ಮಗಳ ಅಗಲ ಅಳೆದೆ. ನಾನು ಮಾಡಿದ ದೊಡ್ಡ ಸುಧಾರಣೆ ಇಷ್ಟೇ, ಟೇಪನ್ನು ಅಡ್ಡ ಹಿಡಿದದ್ದು. ಇದು ಹೊಳೆದ ಮೇಲೆ ಎದ್ದು ಅಡುಗೆಮನೆಗೆ ಹೋಗಿ, ಬೇಕಿಲ್ಲದಿದ್ದರೂ ನೀರು ಕುಡಿದೆ.

ವಾಪಸು ಬರುವಷ್ಟರಲ್ಲಿ ಒಪ್ಪಂದ ಮುಗಿದಿತ್ತು. ಅಮ್ಮನ ಹಸಿರು ರೇಷ್ಮೆ ಸೀರೆಯೊಂದು ಹಾಸಿಗೆಯ ಮೇಲೆ ಹರಡಿತ್ತು. ಅದರಲ್ಲಿ ಪೂರ್ವಿಗೆ ಅವಳು ಹೇಳಿದ ಹಾಗೆ ಜುಬ್ಬದಂಥದ್ದೊಂದನ್ನು ಹೊಲಿಯುವುದು, ಅವಳು ಉಪನಯನಕ್ಕೆ ಬರುವುದು. ಅಳತೆ ತೆಗೆದುಕೊಳ್ಳೋಣವೇ ಎಂದು ನಾನು ಅಭ್ಯಾಸಬಲದಿಂದ ಬ್ಯಾಗಿಗೆ ಕೈ ಹಾಕಿದೆ. ಏನೂ ಬೇಡ, ಅಂದಾಜು ಸಾಕು ಎಂದಳು ಅಮ್ಮ. ಇಬ್ಬರೂ ನನ್ನ ಕಡೆ ನೋಡಲೂ ಇಲ್ಲ.

ಉಪನಯನದ ದಿನ ಪೂರ್ವಿ ಆ ಹಸಿರು ಜುಬ್ಬ ತೊಟ್ಟು ಕಲ್ಯಾಣ ಮಂಟಪದ ತುಂಬ ಓಡಾಡಿದಳು, ವಟುವಿನ ಪಕ್ಕ ನಿಂತು ಅವನ ಬೋಳುತಲೆ ಸವರಿದಳು. ನೋಡುವುದಕ್ಕೆ ಹೇಗಿತ್ತು ಎಂದು ನಿಜ ಹೇಳಬೇಕೆಂದರೆ, ಬಾಗಿಲಿಗೆ ಕಟ್ಟುವ ಪರದೆಯನ್ನು ಮಗು ಎಳೆದುಕೊಂಡು ಹೊದ್ದ ಹಾಗಿತ್ತು. ನಾನು ಕಷ್ಟಪಟ್ಟು ಬೇರೆ ಕಡೆ ನೋಡುತ್ತಿದ್ದೆ. ಆದರೆ ನಮ್ಮ ಸೋದರತ್ತೆಗೆ ಅಂಥ ಕಷ್ಟ ಪಡುವ ಅಭ್ಯಾಸವಿಲ್ಲ. ಎಲ್ಲರೆದುರಿಗೆ ಪೂರ್ವಿಯ ತೋಳು ಹಿಡಿದು ನಿಲ್ಲಿಸಿದರು.

"ಇದೇನೇ ಇದು, ಗೋಣಿಚೀಲ ಇದ್ದಂಗಿದೆ. ಯಾರು ಆರ್ಸಿದ್ದು?"

ನಾನಲ್ಲ ಎನ್ನುವುದು ನನ್ನ ನಾಲಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಗಳಿಸಿದ ಹೆಸರಿನ ಪ್ರಶ್ನೆ.

"ನಮ್ಮಮ್ಮ" ಎಂದಳು ಪೂರ್ವಿ. ಹೇಳಿ ನನ್ನ ಮುಖವನ್ನೇ ನೋಡಿದಳು. ತುಂಟತನವೂ ಇತ್ತು, ಏನು ಹೇಳುತ್ತಾಳೋ ನೋಡೋಣ ಎಂಬುದೂ ಇತ್ತು.

"ಹೌದತ್ತೆ, ನಾನೇ" ಎಂದೆ. ಸೋದರತ್ತೆ ನನ್ನನ್ನು ಆಪಾದಮಸ್ತಕ ನೋಡಿ, ಅದಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಪಾಪ ಎನ್ನುವ ಹಾಗೆ ತಲೆಯಾಡಿಸಿದರು. ಊಟದ ಹೊತ್ತಿಗೆ ಸುದ್ದಿ ಹಬ್ಬಿ, ಶಿವಮೊಗ್ಗದಲ್ಲಿ ಹೆಣ್ಣುಮಕ್ಕಳ ಬಟ್ಟೆ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಯಾರ್‍ಯಾರೋ ಬಂದು ನನಗೆ ಹೇಳಿಕೊಟ್ಟು ಹೋದರು. ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡೆ.

ಪಂಕ್ತಿಯಲ್ಲಿ ಪೂರ್ವಿ ನನ್ನ ಪಕ್ಕದಲ್ಲೇ ಬಂದು ಕುಳಿತಳು. ಹೋಳಿಗೆ ಎರಡನೆಯ ಸಲ ಬಂತು, ತುಪ್ಪ ಹಿಂದೆಯೇ ಬಂತು. ಅವಳು ಹಾಕಿಸಿಕೊಂಡಳು, ಮೂರನೆಯದಕ್ಕೂ ಬೇಡವೆನ್ನುವ ಲಕ್ಷಣ ಕಾಣಲಿಲ್ಲ. ನಾನು ಈ ಸಮಾರಂಭಕ್ಕೆಂದೇ ಶಿವಮೊಗ್ಗದಲ್ಲಿ ಹೊಲಿಸಿದ್ದ ರವಿಕೆ ಬೆಳಿಗ್ಗೆ ಹಾಕಿಕೊಳ್ಳುವಾಗ ಬಹಳ ಸೊಗಸಾಗಿ ಕೂತಿತ್ತು. ಈಗ ಅದರೊಳಗೆ ಉಸಿರಿಗೆ ಮಾತ್ರ ಜಾಗ ಉಳಿದಿತ್ತು, ಅದೂ ಸಣ್ಣ ಉಸಿರಿಗೆ. ಬಡಿಸುವವನಿಗೆ ಅಡ್ಡ ಕೈ ಹಿಡಿದು ಹೊಟ್ಟೆ ತುಂಬಿದೆ ಎಂದೆ. ಹೋಳಿಗೆಯೆಂದರೆ ನಾನು ಹೇಗೆಂಬುದು ಪೂರ್ವಿಗೆ ಗೊತ್ತು. ಅವಳು ತಿರುಗಿ, ತೋಳಿಗೆ ಕಚ್ಚಿಕೊಂಡಿದ್ದ ನನ್ನ ರವಿಕೆಯನ್ನು ನೋಡಿದಳು, ನೆಟ್ಟಗೆ ಸೆಟೆದು ಕುಳಿತಿದ್ದ ನನ್ನನ್ನು ನೋಡಿದಳು. ಬಿಗಿಯಾಯಿತಲ್ಲಮ್ಮ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಅವಳಿಗೆ ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಅವಳು ಅನ್ನಲಿಲ್ಲ, ತನ್ನ ಎಲೆಯ ಕಡೆ ತಿರುಗಿ ಊಟ ಮುಂದುವರಿಸಿದಳು. ನಾನಾಗಿದ್ದರೆ ಅಂದೇಬಿಡುತ್ತಿದ್ದೆ.