ಕಾಲದ ಪೊಲೀಸನೂ ಮುಟ್ಟಬಾರದ ಕಳ್ಳಿಯೂ

"ಆಗಲ್ಲ ಅಂದ್ರೆ ಆಗಲ್ಲ! ಬೇಕಾದ್ರೆ ಈ ಸಿನಿಮಾದಲ್ಲೂ ಸಾಯ್ತೀನಿ. ಆ ಕೈ ಮಾತ್ರ ಹಿಡಿಯಲ್ಲ!"

ಹೀಗೆಂದು ಸೆಂಕುಂಗು ಬಾಳೆಗಿಡದ ಹಿಂದೆ ಅವಿತುಕೊಂಡ. ಮೈಮೇಲೆ ಕಾಲ ಕಾಯುವ ಪೊಲೀಸನ ಉಡುಪು, ಕೈಯಲ್ಲಿ ಬೇಡಿ. ಕಂಪಾಲಾ ನಗರದ ಒಂದು ಕೇರಿಯಲ್ಲಿ ಡೈರೆಕ್ಟರ್ ಬೋಸಾ ತೆಗೆದ ಎಲ್ಲ ಸಿನಿಮಾಗಳಲ್ಲೂ ಮೊದಲ ಗುಂಡಿಗೇ ಸಾಯುತ್ತ ಬಂದವನು ಈ ಸಲ ನಾಯಕನಾಗಿದ್ದ. ಉಳಿದದ್ದು ಕೊನೆಯ ದೃಶ್ಯ ಒಂದೇ. ಹಳೆಯ ಫ್ರಿಜ್ಜಿನಲ್ಲಿ ಮಾಡಿದ ಕಾಲಯಂತ್ರ ಹತ್ತಿ ಮೂವತ್ತು ವರ್ಷ ಹಿಂದಕ್ಕೆ ಓಡಿಹೋದ ಕಳ್ಳಿಯನ್ನು ಬೆನ್ನಟ್ಟಿ ಬೇಡಿ ತೊಡಿಸಬೇಕು. ಕಳ್ಳಿಯ ಪಾತ್ರದ ಹುಡುಗಿ ಬೆಳಿಗ್ಗೆ ಯಾರದೋ ಮಣ್ಣಿಗೆಂದು ಊರಿಗೆ ಹೋಗಿದ್ದಳು. ಬೆಳ್ಳಿಬಣ್ಣದ ಆ ಉಡುಪನ್ನು ಹೊಲಿದ ನಾಲೊಂಗೊ ತಾನೇ ಅದನ್ನು ತೊಟ್ಟು, ಮುಖ ಮುಚ್ಚುವ ಹೆಲ್ಮೆಟ್ ಹಾಕಿ ನಿಂತಳು. ನಾಯಕನಿಗೂ ಹೆಲ್ಮೆಟ್ಟು. ಹೊಡೆದಾಟಕ್ಕೆಂದು ಹತ್ತಿರ ಬಂದಾಗ ಅವಳದು ಜಾರಿತು. ನೋಡಿದರೆ ಸಾಕ್ಷಾತ್ ಅತ್ತೆ, ಹೆಂಡತಿಯ ಅವ್ವ!

ಬೋಸಾ: ಅತ್ತೆ ಅಂತ ಯಾಕೆ ಅಂದ್ಕೋತೀಯೋ? ಕಳ್ಳಿ ಅಂದ್ಕೊ!

ಸೆಂಕುಂಗು: ಹೆಣ್ಣು ಕೊಟ್ಟ ಅತ್ತೇನ ಕಳ್ಳಿ ಅನ್ನೋಕೆ ನನಗೇನು ಹುಚ್ಚಾ ಡೈರೆಕ್ಟ್ರೇ? ನಮ್ಮಲ್ಲಿ ಅಳಿಯ ಆದವನು ಅತ್ತೇನ ಮುಟ್ಟಿದ್ರೆ ಕೈನಡುಕ ಬರತ್ತೆ. ನಮ್ಮ ಚಿಕ್ಕಪ್ಪ, ಪಾಪ, ಅವನ ಅತ್ತೆ ಜಾರಿಬಿದ್ರು ಅಂತ ಎತ್ತೋಕೆ ಹೋದ. ಇವತ್ತಿಗೂ ಟೀ ಲೋಟ ಎತ್ತಿದ್ರೆ ಅವನ ಅಂಗಿನೇ ಕುಡಿಯತ್ತೆ.

ನಾಲೊಂಗೊ ಅಳಿಯನಿಗೆ ಬೆನ್ನು ಹಾಕಿ ಫ್ರಿಜ್ಜಿನ ಮಗ್ಗುಲಲ್ಲಿ ನಿಂತಿದ್ದಳು. ಅಳಿಯನ ಹತ್ತಿರ ನೇರವಾಗಿ ಮಾತಾಡುವಷ್ಟು ಮಾನಗೆಟ್ಟವಳಲ್ಲ.

ನಾಲೊಂಗೊ: ಬೋಸಾ, ನಾಯಕ ಆ ಕಿಬಿರಿಗೆ ಅನ್ನೋ ಹುಡುಗ ಅಂತ ತಾನೆ ನೀನು ನನಗೆ ಹೇಳಿದ್ದು? ಹೋಗ್ಲಿ, ಆ ಅಳಿಯನಿಗೆ ಹೇಳು, ಗಿಡದ ಈಚೆಗೆ ಹೊಟ್ಟೆ ಕಾಣ್ತಿದೆ ಅಂತ.

ಬೋಸಾ: ಹೊಟ್ಟೆ ಕಾಣ್ತಿದೆಯಂತೆ.

ಸೆಂಕುಂಗು: ಕೇಳಿಸ್ತು. ಒಳಗೆ ಎಳ್ಕೊಂಡೆ ಅಂತ ಹೇಳಿ.

ಬೋಸಾ: ಅವರಿಗೂ ಕೇಳಿಸ್ತು ಮಾರಾಯ! ಸಂಜೆ ವಿಡಿಯೋ ಹಾಲ್‌ನಲ್ಲಿ ಸಿನಿಮಾ ಇದೆ, ಬೀದಿ ತುಂಬಾ ಪೋಸ್ಟರ್ ಅಂಟಿಸಿದ್ದೀನಿ. ನಿನ್ನ ಕೈಲಾಗಲ್ಲ ಅಂದ್ರೆ ಕಿಬಿರಿಗೇನ ಕರೀತೀನಿ. ಹೆಲ್ಮೆಟ್ ಒಳಗೆ ಯಾರಿದ್ರೇನು? ಅವನಿಗೆ ಮದುವೆ ಆಗಿಲ್ಲ, ಯಾರ ಕೈ ಬೇಕಾದ್ರೂ ಹಿಡೀತಾನೆ.

ಸೆಂಕುಂಗು: ಅಯ್ಯೋ ಬೇಡ ಡೈರೆಕ್ಟ್ರೇ! ನಾನು ಕೊನೇವರೆಗೂ ಬದುಕಿರೋದನ್ನ ನೋಡ್ಬೇಕು ಅಂತ ನಮ್ಮವ್ವ ಊರಿಂದ ಬಸ್ ಹತ್ತಿದ್ದಾಳೆ. ಇರಿ, ಬೇಡೀನ ಇಲ್ಲಿಂದ್ಲೇ ಎಸೀತೀನಿ.

ಎಸೆದ. ಪಕ್ಕದ ಮನೆಯ ಕೋಳಿ ಬೇಡಿಯನ್ನು ಕೊರಳಿಗೆ ಹಾಕಿಕೊಂಡು ಕೇರಿಯೆಲ್ಲ ಸುತ್ತಿತು. ಅದನ್ನು ಹಿಡಿದು ತರುವಷ್ಟರಲ್ಲಿ ಬೋಸಾನಿಗೆ ಒಂದು ಉಪಾಯ ಹೊಳೆಯಿತು.

ಬೋಸಾ: ಲೋ, ಈಗ ನಾವಿರೋದು ಮೂವತ್ತು ವರ್ಷದ ಹಿಂದೆ. ನಿನ್ನ ಹೆಂಡ್ತಿ ಹುಟ್ಟೇ ಇಲ್ಲ. ಹೆಂಡ್ತಿನೇ ಇಲ್ಲ ಅಂದ್ಮೇಲೆ ಅತ್ತೆ ಎಲ್ಲಿಂದ ಬಂದ್ರು?

ಸೆಂಕುಂಗು ಒಂದು ಕಾಲನ್ನು ಗಿಡದ ಈಚೆ ಇಟ್ಟು ಯೋಚಿಸಿದ. ಮತ್ತೆ ಒಳಕ್ಕೆ ಎಳೆದುಕೊಂಡ.

ಸೆಂಕುಂಗು: ಹಾಗಾದ್ರೆ ಅವರಿನ್ನೂ ಮದುವೆಯಾಗದ ಹುಡುಗಿ! ನಡುಬೀದೀಲಿ ಹುಡುಗಿ ಕೈ ಹಿಡಿದ್ರೆ ಅವರಣ್ಣಂದಿರು ಕಾಲು ಮುರೀತಾರೆ!

ನಾಲೊಂಗೊ: ಎರಡೂ ಕಾಲು ಮುರೀತಾರೆ ಅಂತ ಹೇಳು ಬೋಸಾ.

ಬೋಸಾ: ಅಣ್ಣಂದಿರು ಕಥೇಲಿ ಇಲ್ಲ!

ನಾಲೊಂಗೊ: ನಮ್ಮಣ್ಣಂದಿರಿಲ್ಲದ್ದು ಎಂಥಾ ಕಥೆಯಪ್ಪಾ? ಅದಿರ್ಲಿ. ನನ್ನ ಮಗಳು ಹುಟ್ಟಿಲ್ಲ ಅಂದ್ರೆ, ಹೆಣ್ಣು ಕೇಳೋಕೆ ಬಂದಾಗ ಆ ಅಳಿಯ ತಂದ ಹುಂಜಾನೂ ಬಂದಿಲ್ಲ ಅಂತ ಆಯ್ತಲ್ಲ?

ಬೋಸಾ: ಬಂದಿಲ್ಲ.

ಸೆಂಕುಂಗು: ಬಂದಿಲ್ವಾ? ನನ್ನ ಭಾವಮೈದ ಒಂದು ಮೂಳೆ ಬಿಡದೆ ಅದನ್ನ ತಿಂದ!

ನಾಲೊಂಗೊ: ಅವನೂ ಹುಟ್ಟಿಲ್ಲ ಅಂತ ಹೇಳು.

ಸೆಂಕುಂಗು: ಹುಟ್ಟದೇನೇ ತಿಂದ್ನಾ?

ಬೋಸಾ ತಲೆ ಚಚ್ಚಿಕೊಂಡು ಕಿಬಿರಿಗೆಗೆ ಫೋನು ಹಚ್ಚಿದ. ಅದನ್ನು ಕಂಡು ಸೆಂಕುಂಗು ಗಿಡ ಬಿಟ್ಟು ಈಚೆಗೆ ಜಿಗಿದ. ಎಣ್ಣೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುವವರುಂಟೇ?

ಸೆಂಕುಂಗು: ಫೋನ್ ಇಡಿ ಡೈರೆಕ್ಟ್ರೇ! ಆಯ್ತು. ನನಗೆ ಮದುವೆ ಆಗಿಲ್ಲ. ಇವರು ಯಾರೋ ನನಗೆ ಗೊತ್ತಿಲ್ಲ. ಕ್ಯಾಮೆರಾ ಶುರು ಮಾಡಿ!

ಕಣ್ಣು ಮುಚ್ಚಿ, ಬೇಡಿ ಚಾಚಿ, ಕುರುಡನಂತೆ ತಡವುತ್ತ ಬಂದ. ಇನ್ನೇನು ಮುಟ್ಟಬೇಕು.

ನಾಲೊಂಗೊ: ನಿಲ್ಲೋಕೆ ಹೇಳು ಬೋಸಾ! ಆ ಹುಡುಗನಿಗೆ ಮದುವೆ ಆಗಿಲ್ವಂತಾ?

ಬೋಸಾ: ಆಗಿಲ್ಲ, ಆಗಿಲ್ಲ. ಕೈ ಕೊಡಿ.

ನಾಲೊಂಗೊ: ಹಾಗಾದ್ರೆ ಈ ಸಲ ನಾನು ಯೋಚ್ನೆ ಮಾಡಿ ಹೇಳ್ತೀನಿ. ಹೋದ ಸಲ ಸಂಬಂಧ ಕುದುರಿಸಿದ ಮಗಳ ಸೋದರತ್ತೆ ಅವಸರ ಮಾಡಿಬಿಟ್ಲು. ಸಿನಿಮಾದಲ್ಲಿ ಸಾಯೋದೇ ಇವನ ಕೆಲ್ಸ ಅಂತ ನಮಗೆ ಆಮೇಲೆ ಗೊತ್ತಾಯ್ತು. ಈ ಸಲ ಹೆಣ್ಣು ಕೊಡಲ್ಲ ಅಂತ ಹೇಳು.

ಬೇಡಿ ಕೆಳಗೆ ಬಿತ್ತು. ಸೆಂಕುಂಗು ಇದ್ದಲ್ಲೇ ಬೋರಲು ಬಿದ್ದ. ಹೆಲ್ಮೆಟ್ ಉರುಳಿಹೋಯಿತು.

ಸೆಂಕುಂಗು: ಅಮ್ಮಾ! ಹಾಗನ್ಬೇಡಿ! ಅವಳಿಲ್ದೆ ನನ್ನ ಕೈಲಿ ಅಂಗಿಯ ಒಂದು ಗುಂಡಿನೂ ಹಾಕ್ಕೊಳ್ಳೋಕಾಗಲ್ಲ! ನಾಯಕ ಆಗೋದು ಬೇಡ, ಮೊದಲ ಗುಂಡಿಗೇ ಸಾಯ್ತೀನಿ, ಅವಳು ಮಾತ್ರ ಹುಟ್ಟಲಿ!

ಗೊಳೋ ಎಂದು ಅತ್ತ. ಅದರಲ್ಲಿ ಒಂದು ಕಾಳಿನಷ್ಟೂ ನಟನೆಯಿರಲಿಲ್ಲ. ನಾಲೊಂಗೊ ಬೆಳ್ಳಿತೋಳಿನಿಂದ ಮೂಗು ಒರೆಸಿಕೊಂಡಳು.

ನಾಲೊಂಗೊ: ಏಳೋಕೆ ಹೇಳು ಬೋಸಾ. ಕೊಟ್ಟ ಹೆಣ್ಣನ್ನ ವಾಪಸ್ ಇಸ್ಕೊಳ್ಳೋ ಮನೆಯಲ್ಲ ನಮ್ಮದು.

ಎಂದವಳೇ ನಾಚಿಕೆ ತಡೆಯಲಾರದೆ ಫ್ರಿಜ್ಜಿನೊಳಗೆ ನುಗ್ಗಿ ಬಾಗಿಲು ಎಳೆದುಕೊಂಡಳು.

ಬೋಸಾ: ಕಟ್! ಕಟ್! ಅದ್ಭುತ!

ಸೆಂಕುಂಗು: ಕ್ಯಾಮೆರಾ ಓಡ್ತಿತ್ತಾ? ಕಳ್ಳಿ ತಪ್ಪಿಸ್ಕೊಂಡ್ಲಲ್ಲ! ನಾನು ಸತ್ತೆನಾ?

ಬೋಸಾ: ಎಲ್ಲಿ ಸತ್ತೆ? ಅತ್ತುಬಿಟ್ಟೆ ಕಣೋ, ಮುಖ ತೆರೆದು! ಇನ್ನು ಆ ಮುಖ ಬದಲಾಯಿಸೋಕಾಗತ್ತಾ? ಎರಡನೇ ಭಾಗಕ್ಕೂ ನೀನೇ ನಾಯಕ. ಅದರಲ್ಲಿ ಕಳ್ಳಿ ನಿನ್ನ ಹೆಂಡ್ತಿ. ಅವಳನ್ನ ಮುಟ್ಟೋಕೆ ಅಡ್ಡಿಯಿಲ್ಲ ತಾನೆ?

ಸೆಂಕುಂಗು ಕಣ್ಣೊರೆಸಿಕೊಂಡು ಫ್ರಿಜ್ಜಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಮುಟ್ಟೋಕೆ ಅಡ್ಡಿಯಿಲ್ಲ ಡೈರೆಕ್ಟ್ರೇ. ಹಿಡಿಯೋಕೆ ಮಾತ್ರ ಬೇರೆ ಪೊಲೀಸರನ್ನ ಕರೆಸಿ."