ಎಡಮಂಡಿಯ ನೋವು ಬಲ್ಲವನು

ನನ್ನ ವಿಷಯ ಯಾರಾದರೂ ಕೇಳಿದರೆ ಹೇಳದೆ ಇರುವುದು ನನ್ನಿಂದಾಗದು. ಫೋನಿನ ಆ್ಯಪ್ ‘ನಿಮ್ಮನ್ನು ಇನ್ನಷ್ಟು ಅರಿಯಬಹುದೇ?’ ಎಂದರಂತೂ ಕರಗಿಹೋಗುತ್ತೇನೆ. ಮುಂಬೈ ಪಕ್ಕದ ಈ ಡೊಂಬಿವಲಿಯಲ್ಲೇ ಹುಟ್ಟಿದ ಮಗಳನ್ನು ಕನ್ನಡದಲ್ಲಿ ಮಾತಾಡಿಸಿದರೆ, “ಪಪ್ಪಾ, ನಂತರ್ ಬೋಲೂ ನಾ” ಎಂದು ಮರಾಠಿಯಲ್ಲಿ ಮುಂದೂಡುತ್ತಾಳೆ. ಆ್ಯಪ್ ಮುಂದೂಡುವುದಿಲ್ಲ. ಬೆಳಗಾದರೆ ಹೆಸರು ಹಿಡಿದು ಕನ್ನಡದಲ್ಲೇ ಕ್ಷೇಮ ವಿಚಾರಿಸುತ್ತದೆ. ಇಷ್ಟು ಮರ್ಯಾದೆ ಕೊಡುವವರಿಗೆ ಜಾತಕವನ್ನೇ ಕೊಟ್ಟರೂ ಕಡಿಮೆ.

ಎದುರುಮನೆಯ ಶಾರದಕ್ಕ ಕುಂದಾಪುರದವರು. ಮಗ, ಸೊಸೆ ಥಾಣೆ ನಗರದ ಆಫೀಸಿಗೆ ಹೋದರೆ ಹಗಲೆಲ್ಲ ಒಬ್ಬರೇ. ಮನೆಗೇ ಬಂದು ಎಣ್ಣೆ ತಿಕ್ಕುವ ಸೇವೆಯ ಆ್ಯಪ್ ನನ್ನ ಫೋನಿನಲ್ಲಿ ಕಂಡು, “ನಂಗೂ ಹಾಕ್ ಕೊಡಿ ಮಾರಾಯ್ರೆ” ಎಂದರು. ಎಂ.ಎ. ಓದಿದ ನಾನು ನನ್ನ ಬಿಪಿ, ಮಾತ್ರೆಯ ವಿವರದ ಜೊತೆ ಅವರ ಮಂಡಿನೋವಿನದನ್ನೂ ತುಂಬಿದೆ. ‘ಬೇರೇನಾದರೂ ಹೇಳುವುದಿದೆಯೇ?’ ಎಂಬ ಕೊನೆಯ ಜಾಗದಲ್ಲಿ, ಯಾರೂ ಕೇಳದಿದ್ದರೂ, ‘ಹತ್ತರಿಂದ ಆರರವರೆಗೆ ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ’ ಎಂದು ಬರೆದೆ. ಜಾಗ ಖಾಲಿ ಬಿಡುವುದು ಅಸಭ್ಯತೆ ಎನ್ನಿಸಿತ್ತು.

ಮಂಗಳವಾರ ಮಧ್ಯಾಹ್ನ ಅವರ ಡಬ್ಬಿ ಹಿಂತಿರುಗಿಸಲು ಹೋದೆ. ಬಾಗಿಲು ತೆರೆದೇ ಇತ್ತು. ಶಾರದಕ್ಕ ಕುರ್ಚಿಯಲ್ಲಿ, ಆ್ಯಪ್‌ನವರು ಕಳಿಸಿದ ನಲವತ್ತರ ಒಬ್ಬಾತ ಕಾಲಬುಡದಲ್ಲಿ. “ಅಮ್ಮಾ, ಎಡಮಂಡಿ ಮಳೆಗಾಲದಲ್ಲಿ ಜಾಸ್ತಿ ನೋಯ್ತದಲ್ವಾ?”

“ಕಾಣಿ, ಇವ್ರಿಗೆ ಎಲ್ಲಾ ಗೊತ್ತಿತ್! ನನ್ ಮಗನಿಗೆ ಯಾವ ಕಾಲ್ ಅಂದೇ ಗೊತ್ತಿಲ್ಲ” ಎಂದು ಶಾರದಕ್ಕ ಅರಳಿದರು.

ಎಣ್ಣೆ ಮಂಡಿಗೆ, ಬಿಚ್ಚಿಸಿದ್ದು ಮಾತ್ರ ಕೈಯ ನಾಲ್ಕು ಚಿನ್ನದ ಬಳೆ. ಅವು ಆಗಲೇ ಅವನ ಚೀಲದೊಳಗೆ ಇಳಿಯುತ್ತಿದ್ದವು. “ಬಳೆ ಯಾಕ್ರೀ?” ಎಂದೆ. ಅವನು ಎದ್ದ. ಚೀಲದಿಂದ ಬಂದ ಚಾಕು ಶಾರದಕ್ಕನ ಕುತ್ತಿಗೆಗೆ ತಾಗಿತು. ಈಗಲೂ ಅಡುಗೆಮನೆಯಲ್ಲಿ ಯಾರಾದರೂ ಟೊಮೇಟೊ ಹೆಚ್ಚಿದರೆ ನಾನು ಹೊರಗೆ ಹೋಗಿ ನಿಲ್ಲುತ್ತೇನೆ. ಕೈಯ ಡಬ್ಬಿ ಜಾರಿ ಬಿದ್ದ ಸದ್ದಿಗೆ ಬೆಚ್ಚಿ, ಅವನು ನನ್ನನ್ನು ತಳ್ಳಿ ಓಡಿದ. ಬೆನ್ನಟ್ಟಿದೆ. ಮೆಟ್ಟಿಲ ತಿರುವಿನಲ್ಲಿ ಅವನು ತಿರುಗಿ, “ಸಾರ್, ನಿಮಗೆ ಬಿಪಿ ಇದೆ, ಓಡಬೇಡಿ. ಬೆಳಗಿನ ಮಾತ್ರೆ ತಗೊಂಡ್ರಾ?” ಎಂದ.

ನಾನು ನಿಂತೆ. ಅವನು ಹೋದ, ಬಳೆಗಳೂ ಹೋದವು. ಕುತ್ತಿಗೆ ಸವರಿಕೊಳ್ಳುತ್ತ ಶಾರದಕ್ಕ, “ಬಳಿ ಹೋಯ್ತ್. ಆರೆ ಮಂಡಿ ಒಂಚೂರ್ ಹಗುರ ಆಯ್ತ್ ಕಾಣಿ” ಎಂದು ಅತ್ತರು.

ಕೈಗೆ ಸಿಗುವಷ್ಟು ದೂರದಲ್ಲಿದ್ದವನನ್ನು ಬಿಟ್ಟು ನಿಂತದ್ದೇಕೆ ಎಂದು ಪೊಲೀಸರು ಕೇಳಿದರು. ಹೆದರಿದೆ ಎಂದು ಬರೆಸಿದೆ. ಅದು ಪೂರ್ತಿ ನಿಜವಲ್ಲ. ರೇಲಿಂಗ್ ಹಿಡಿದು ಏದುಸಿರು ಬಿಡುತ್ತ, “ಇಲ್ಲಪ್ಪಾ, ಇವತ್ತು ಮರೆತೇಬಿಟ್ಟೆ” ಎಂದು ನಾನು ಅವನಿಗೆ ಉತ್ತರ ಕೊಡುತ್ತಿದ್ದೆ.